ಮೂರು ನಿಮಿಷದ ಫೀನಾಲ್

ಕಾಲಿನ ಹೆಬ್ಬೆರಳ ಉಗುರು ಪಕ್ಕದ ಮಾಂಸಕ್ಕೆ ಚುಚ್ಚಿ, ಕೀವಾಗಿ ಬರುವವರಿಗೆ ಮೊದಲೆಲ್ಲ ನಾನು ಇಡೀ ಉಗುರನ್ನೇ ಕಿತ್ತು ಕಳಿಸುತ್ತಿದ್ದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ, ಅಲ್ವಾ! ಉಗುರು ಮತ್ತೆ ಬೆಳೆದ ಮೇಲೆ ಅದೇ ಜನ ಕುಂಟುತ್ತಾ ವಾಪಸ್ ಬರುತ್ತಿದ್ದರು. ಬೇರು ಹಾಗೇ ಇತ್ತಲ್ಲ.

ಈಗ ಚುಚ್ಚುವ ಅಂಚನ್ನು ಮಾತ್ರ, ಸುಮಾರು 3 ಮಿಲಿಮೀಟರ್, ಬುಡದ ತನಕ ಸೀಳಿ ತೆಗೆಯುತ್ತೇನೆ. ಆ ಸಂದಿಯಲ್ಲಿರುವ ಬೇರನ್ನು, ಮತ್ತೆ ಬೆಳೆಯದಂತೆ, ಶೇ. 88ರ ಫೀನಾಲ್ ಎಂಬ ರಾಸಾಯನಿಕ ಹಚ್ಚಿ ಸುಡುತ್ತೇನೆ. 1945ರಲ್ಲೇ ಬೋಲ್ ಎಂಬವರು ಬರೆದಿಟ್ಟ ವಿಧಾನ ಇದು.

"ನೆಲ ಒರೆಸೋ ಫಿನಾಯಿಲಾ ಡಾಕ್ಟ್ರೇ?" ಎಂದು ಒಬ್ಬ ಅಜ್ಜಿ ಕೇಳಿದರು.

"ದೂರದ ನೆಂಟ ಅಜ್ಜಿ. ಮನೇಲಿರೋದನ್ನ ಮಾತ್ರ ಹಚ್ಕೋಬೇಡಿ."

ಬೆರಳ ಬುಡದ ಎರಡೂ ಕಡೆ, ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಡುತ್ತೇನೆ. ಜಾಸ್ತಿ ನೋಯುವುದು ಅದೊಂದೇ. ಆಮೇಲೆ ರಕ್ತ ಬರದಂತೆ ಬುಡಕ್ಕೆ ರಬ್ಬರ್ ಬಿಗಿಯುತ್ತೇನೆ. ಜಾಗ ಒಣಗಿರಲೇಬೇಕು. ಮೊದಮೊದಲು ಒಬ್ಬ ಹುಡುಗನಿಗೆ ರಬ್ಬರ್ ಸಡಿಲವಾಗಿತ್ತು, ಒಸರಿದ ರಕ್ತದಲ್ಲಿ ಫೀನಾಲ್ ತೆಳುವಾಯಿತು. ಕೆಲವು ತಿಂಗಳಾದ ಮೇಲೆ ಮೂಲೆಯಲ್ಲಿ ಮುಳ್ಳಿನಂಥ ಉಗುರ ಚೂರು ಎದ್ದಿತ್ತು. ಪಾಪ, ಮತ್ತೊಮ್ಮೆ ಇಂಜೆಕ್ಷನ್ ತಿಂದ. ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಸುತ್ತಲಿನ ಚರ್ಮ ಸುಡದಂತೆ ವ್ಯಾಸಲೀನ್ ಸವರುತ್ತೇನೆ. ಕಡ್ಡಿಗೆ ತೆಳುವಾಗಿ ಹತ್ತಿ ಸುತ್ತಿ, ಅದ್ದಿ, ಹೆಚ್ಚಾದದ್ದನ್ನು ಒತ್ತಿ ತೆಗೆದು, ಒಂದೊಂದು ನಿಮಿಷದಂತೆ ಮೂರು ಸಲ ಬೇರಿಗೆ ತಿಕ್ಕುತ್ತೇನೆ. ಮಾಂಸ ಬೆಳ್ಳಗಾಗುತ್ತದೆ. ಸ್ಪಿರಿಟ್‌ನಿಂದ ತೊಳೆಯುತ್ತೇನೆ. ರಬ್ಬರ್ ಬಿಚ್ಚಿದ್ದೇನಾ ಅಂತ ಎರಡು ಸಲ ನೋಡುತ್ತೇನೆ. ಬ್ಯಾಂಡೇಜ್ ಒಳಗೆ ಅದು ಉಳಿದರೆ ಬೆರಳೇ ಹೋದೀತು.

ಫೀನಾಲ್ ಬದಲು ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ಬಳಸುವವರೂ ಇದ್ದಾರೆ. ಒಂದು ನಿಮಿಷ ಸಾಕು, ಗಾಯವೂ ಬೇಗ ಮಾಯುತ್ತದೆ. ಆದರೆ ಅದು ಕ್ಷಾರ, ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ, ಅಸಿಟಿಕ್ ಆಸಿಡ್ ಹಾಕಿ ಅದನ್ನು ನಿಲ್ಲಿಸಬೇಕು. ನನಗೆ ಫೀನಾಲೇ ಇಷ್ಟ. ಅದು ನರದ ತುದಿಯನ್ನೂ ಮರಗಟ್ಟಿಸುವುದರಿಂದ ರಾತ್ರಿ ನೋವು ಕಡಿಮೆ.

ಗರ್ಭಿಣಿಯರಿಗೆ ಫೀನಾಲ್ ಮುಟ್ಟಿಸುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮೊದಲು ಪಾದದ ನಾಡಿ ಹಿಡಿದು ನೋಡುತ್ತೇನೆ. ಅದು ಸಿಗದಿದ್ದರೆ ಉಗುರಿಗೆ ಕೈ ಹಾಕುವುದಿಲ್ಲ.

ಫೀನಾಲ್‌ನ ತಾಪತ್ರಯ ಎಂದರೆ ಎರಡು ಮೂರು ವಾರ ನೀರು ಒಸರುತ್ತದೆ. ಸುಟ್ಟ ಗಾಯ ಅಲ್ವಾ, ಅದು ಸಹಜ. ನೋವು, ಕೆಂಪು ಏರುತ್ತಾ ಹೋದರೆ ಮಾತ್ರ ಬರಬೇಕು. ಅಜ್ಜಿಗೆ ಇದನ್ನು ಹೇಳಲು ಮರೆತಿದ್ದೆ. ಹತ್ತನೇ ದಿನ ಬಂದರು. ಒಸರು ನೋಡಿ ಉಗುರುಸುತ್ತು ಅಂದುಕೊಂಡು, ಹೆಬ್ಬೆರಳಿಗೆ ನಿಂಬೆಹಣ್ಣು ತೂರಿಸಿಕೊಂಡಿದ್ದರು!