ಹೊಸ ಬ್ಯಾಟರಿ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

ಬೆಳಗ್ಗೆ ಸೆಲ್ಫ್ ಒತ್ತಿದರೆ ಬೈಕ್ ‘ಟಕ್’ ಎಂದು ಸುಮ್ಮನಾಗುತ್ತದೆ. ಸುತ್ತಲಿದ್ದವರೆಲ್ಲ ಒಂದೇ ತೀರ್ಪು ಕೊಡುತ್ತಾರೆ: ಬ್ಯಾಟರಿ ಹೋಗಿದೆ. ಸರಿ, ಹೊಸದು ಹಾಕಿಸುತ್ತಾರೆ. ಒಂದೆರಡು ತಿಂಗಳಿಗೆ ಅದೂ ಮಲಗುತ್ತದೆ. ಆಮೇಲೆ ಬೈಯುವುದು ಬ್ಯಾಟರಿ ಕಂಪನಿಯನ್ನು. ಎಷ್ಟೋ ಸಲ ತಪ್ಪು ಅದರದ್ದಲ್ಲ. ಅದನ್ನು ಚಾರ್ಜ್ ಮಾಡಬೇಕಾದ ಕಾಯಿಲ್ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವುದು), ರೆಗ್ಯುಲೇಟರ್ (ಆ ಕರೆಂಟನ್ನು ಹದದಲ್ಲಿಡುವುದು) ಅಥವಾ ಒಂದು ಸಡಿಲ ವೈರ್‌ನದ್ದು.

ಈಗಿನ ಬೈಕ್‌ಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯಲೇಬೇಕು. 2020ರಲ್ಲಿ ಹೊಗೆ ಮಿತಿಯ ಬಿಎಸ್‌-6 ನಿಯಮ ಬಂದ ಮೇಲೆ ಬಹುತೇಕ ಬೈಕ್‌ಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಎಷ್ಟೋ ಮಾಡೆಲ್‌ಗಳಲ್ಲಿ ಕಿಕ್ಕರ್ ಕೂಡ ಇಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿದರೂ ಕಷ್ಟ, ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಪಂಪ್‌ಗೂ ಕರೆಂಟ್ ಬೇಕಲ್ವಾ?

ಬೇಕಾಗಿರುವುದು ಒಂದು ಡಿಜಿಟಲ್ ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮನೆ ಕೆಲಸಕ್ಕೆ ಅಷ್ಟು ಸಾಕು. ಆದರೆ ಎರಡು ವಿಷಯ ನೆನಪಿರಲಿ. ಕೆಂಪು ವೈರ್ ‘10ಎ’ ತೂತಿನಲ್ಲಿದ್ದಾಗ ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರೆ ನೇರ ಶಾರ್ಟ್. ಕಿಡಿ ಹಾರಿ ಮೀಟರ್ ಹೋಗುತ್ತದೆ. ಇನ್ನೊಂದು, ಮೀಟರ್ ಒಳಗಿನ 9 ವೋಲ್ಟ್ ಸೆಲ್ ವೀಕ್ ಆದರೆ ರೀಡಿಂಗ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಚೆನ್ನಾಗಿರುವ ರೆಗ್ಯುಲೇಟರನ್ನು ಕಿತ್ತೆಸೆದವರು ಇದರಿಂದಲೇ ಮೋಸ ಹೋಗಿರುತ್ತಾರೆ.

1. ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

2. ವಿಶ್ರಾಂತಿಯಲ್ಲಿರುವ ವೋಲ್ಟೇಜ್ ನೋಡಿ. ರಾತ್ರಿಯಿಡೀ ನಿಂತ ಬೈಕ್, ಕೀ ಆಫ್, ಮೀಟರ್ ಡಿಸಿ 20 ವೋಲ್ಟ್‌ನಲ್ಲಿ. 12.6ರಿಂದ 12.8 ಬಂದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ. ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗಬೇಡಿ. ಚಾರ್ಜರ್ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು: ಕಾರ್ ಬ್ಯಾಟರಿ ಅಂಗಡಿಯಲ್ಲಿ ‘ಅರ್ಧ ಗಂಟೆಯಲ್ಲಿ ಕೊಡ್ತೀವಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. 5 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿಗೆ ಅರ್ಧ ಆಂಪ್, ಅಂದರೆ ಹತ್ತನೇ ಒಂದು ಭಾಗ, ನಿಧಾನವಾಗಿ ಹೋಗಬೇಕು. ಅವಸರಕ್ಕೆ ಜಾಸ್ತಿ ಆಂಪ್ ಕೊಟ್ಟರೆ ಪ್ಲೇಟ್ ಬೆಂದು ಹೋಗುತ್ತದೆ.

3. ಸೆಲ್ಫ್ ಒತ್ತಿ ನೋಡಿ. ಪ್ರೋಬ್ (ಮೀಟರ್ ವೈರ್‌ನ ತುದಿ) ಬ್ಯಾಟರಿ ಮೇಲೇ ಇರಲಿ. ಒತ್ತಿದಾಗ ವೋಲ್ಟೇಜ್ 10ರ ಆಸುಪಾಸಿನಲ್ಲಿ ನಿಂತರೆ ಚಿಂತೆಯಿಲ್ಲ. ಪೂರ್ತಿ ಚಾರ್ಜ್ ಆಗಿದ್ದೂ 9ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ಮುದಿಯಾಗಿದೆ. ‘ಟಕ್’ ಅಂದರೂ ಮೀಟರ್ 12.5ರಿಂದ ಅಲುಗಾಡಲೇ ಇಲ್ಲವಾ? ಹಾಗಾದರೆ ಸೆಲ್ಫ್ ಮೋಟರ್‌ನಲ್ಲಿ ಕರೆಂಟ್ ಹರಿದೇ ಇಲ್ಲ. ರಿಲೇ (ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್), ಅರ್ಥ್ ವೈರ್ (ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಹೋಗುವುದು), ಮೋಟರ್ ಬ್ರಷ್ ಪರೀಕ್ಷಿಸಿ. ಬ್ಯಾಟರಿಗೆ ದುಡ್ಡು ಸುರಿಯಬೇಡಿ.

4. ಚಾರ್ಜಿಂಗ್ ನೋಡಿ. ಎಲ್ಲರೂ ಎಡವುವುದು ಇಲ್ಲೇ. ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲೇ ಮೀಟರ್ ನೋಡಿ ‘12.8 ಬರ್ತಿದೆ, ಚಾರ್ಜ್ ಆಗ್ತಿಲ್ಲ’ ಎಂದು ತೀರ್ಮಾನಿಸುತ್ತಾರೆ. ಐಡ್ಲಿಂಗ್‌ನಲ್ಲಿ ಕಡಿಮೆ ಬರುವುದು ಸಹಜ. ಎಂಜಿನ್ ಬಿಸಿಯಾಗಲಿ. ಹೆಡ್‌ಲೈಟ್ ಉರಿಯುತ್ತಿರಲಿ. ನಿಧಾನವಾಗಿ ಆಕ್ಸಿಲರೇಟರ್ ತಿರುಗಿಸಿ 4,000-5,000 ಆರ್‌ಪಿಎಂಗೆ ತಂದು ಹಿಡಿಯಿರಿ, ಇನ್ನೊಬ್ಬರು ಮೀಟರ್ ನೋಡಲಿ. 13.5ರಿಂದ 14.5 ಬಂದು ಅಲ್ಲೇ ನಿಂತರೆ ಚಾರ್ಜಿಂಗ್ ಸರಿಯಾಗಿದೆ. ಆಕ್ಸಿಲರೇಟರ್ ಕೊಟ್ಟಷ್ಟೂ ಏರಿ 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಅದು ಬ್ಯಾಟರಿಯನ್ನು ಕುದಿಸುತ್ತದೆ, ಬಲ್ಬ್‌ಗಳನ್ನೂ ಸುಡುತ್ತದೆ. 13ರ ಕೆಳಗೇ ಉಳಿದರೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ದಾರಿಯಲ್ಲಿ ಸೋರುತ್ತಿದೆ.

ದಾರಿಯನ್ನೂ ಮೀಟರ್‌ನಿಂದಲೇ ಹುಡುಕಬಹುದು. ಎಂಜಿನ್ ಅದೇ ವೇಗದಲ್ಲಿರಲಿ. ಒಂದು ಪ್ರೋಬ್ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಬೋಲ್ಟ್ ಮೇಲೆ. ಬಹುತೇಕ ಸೊನ್ನೆ ಬರಬೇಕು. 0.3 ದಾಟಿದರೆ ಅರ್ಥ್ ತುಕ್ಕು ಹಿಡಿದಿದೆ. ರೆಗ್ಯುಲೇಟರ್‌ನಿಂದ ಹೊರಬರುವ ಪ್ಲಸ್ ವೈರ್ ಮತ್ತು ಬ್ಯಾಟರಿ ಪ್ಲಸ್ ನಡುವೆಯೂ ಹೀಗೇ ನೋಡಿ. ಮಲೆನಾಡು, ಕರಾವಳಿಯ ಬೈಕ್‌ಗಳಲ್ಲಿ ಮಳೆಗಾಲ ಮುಗಿದ ಮೇಲೆ ತೊಂದರೆ ಸಾಮಾನ್ಯವಾಗಿ ಸಿಗುವುದು ಇಲ್ಲೇ.

ಒಂದು ಹಳೇ ಗ್ಯಾರೇಜ್ ಉಪಾಯ ಇನ್ನೂ ಓಡಾಡುತ್ತಿದೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಳಚುವುದು, ಆರದಿದ್ದರೆ ‘ಚಾರ್ಜಿಂಗ್ ಓಕೆ’ ಅನ್ನುವುದು. ನಿಮ್ಮ ಬೈಕ್‌ಗೆ ಯಾರಾದರೂ ಹೀಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ. ಬ್ಯಾಟರಿ ಇಲ್ಲದೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟರೆ, ಅದರ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ.

5. ಕಾಯಿಲ್ ನೋಡಿ. ಚಾರ್ಜಿಂಗ್ ಕಡಿಮೆ ಬಂದಿದ್ದರೆ ಮಾತ್ರ. ಎಂಜಿನ್ ಆಫ್ ಮಾಡಿ ಕಾಯಿಲ್‌ನಿಂದ ರೆಗ್ಯುಲೇಟರ್‌ಗೆ ಹೋಗುವ ವೈರ್‌ಗಳ ಕಪ್ಲರ್ (ಪ್ಲಾಸ್ಟಿಕ್ ಜೋಡಣೆ) ಬಿಚ್ಚಿ. ಮೊದಲು ಕಪ್ಲರನ್ನೇ ನೋಡಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಕಾರಣ ಅರ್ಧ ಸಿಕ್ಕಿತು. ಮೂರು ಒಂದೇ ಬಣ್ಣದ ವೈರ್ ಇದ್ದರೆ, ಅವು ಹೆಚ್ಚಾಗಿ ಹಳದಿ, ಓಮ್ಸ್‌ನಲ್ಲಿ ಎರಡೆರಡರ ನಡುವೆ ಅಳೆಯಿರಿ. ಮೂರು ಸಲವೂ ಒಂದೇ ರೀತಿಯ ಸಣ್ಣ ಅಂಕಿ ಬರಬೇಕು. ಯಾವ ವೈರ್‌ನಿಂದಲೂ ಎಂಜಿನ್ ಬಾಡಿಗೆ ಸಂಪರ್ಕ ತೋರಿಸಬಾರದು. ತೋರಿಸಿದರೆ ಕಾಯಿಲ್ ಸುಟ್ಟಿದೆ. ಆಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡಿಸಿ, ಮತ್ತೆ ಎರಡೆರಡರ ನಡುವೆ ನೋಡಿ. ವೇಗ ಏರಿದಂತೆ ಮೂರೂ ಸಮವಾಗಿ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೂ ಕಾಯಿಲ್ ಕೆಟ್ಟಿದೆ. ಈ ವೈರ್‌ಗಳಲ್ಲಿ 50 ವೋಲ್ಟ್‌ಗಿಂತ ಜಾಸ್ತಿ ಬರಬಹುದು, ಬೆರಳು ದೂರವಿರಲಿ. ಮೂರೂ ಸರಿಯಿದ್ದು, ವೈರಿಂಗೂ ಸರಿಯಿದ್ದರೆ ಉಳಿದದ್ದು ರೆಗ್ಯುಲೇಟರ್ ಒಂದೇ. ಒರಿಜಿನಲ್ ಹಾಕಿಸಿ. ಹೆಸರಿಲ್ಲದ ಅಗ್ಗದ ರೆಗ್ಯುಲೇಟರ್ ಬೇಡವೇ ಬೇಡ.

6. ಎಲ್ಲ ಸರಿಯಿದ್ದೂ ನಾಲ್ಕು ದಿನ ನಿಲ್ಲಿಸಿದರೆ ಖಾಲಿಯಾಗುತ್ತಾ? ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ವೈರ್ ಮತ್ತು ಟರ್ಮಿನಲ್ ನಡುವೆ ಮೀಟರ್ ಇಡಿ. ಕೆಂಪು ಪ್ರೋಬ್ ಹಾಕಬೇಕಾದ ತೂತು ಈಗ ಮಾತ್ರ ‘10ಎ’. ಮೀಟರ್ ಹೀಗಿರುವಾಗ ಸೆಲ್ಫ್ ಒತ್ತಬಾರದು. ಕೆಲವೇ ಮಿಲಿಆಂಪ್ ಬಂದರೆ ಪರವಾಗಿಲ್ಲ. 50 ಮಿಲಿಆಂಪ್ ಹರಿಯುತ್ತಿದ್ದರೆ 5 ಎಎಚ್ ಬ್ಯಾಟರಿ 100 ಗಂಟೆಯಲ್ಲಿ ಬರಿದು. ಫ್ಯೂಸ್ ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಆ ಲೈನ್‌ನಲ್ಲೇ ಸೋರಿಕೆ. ಫ್ಯೂಸ್ ದಾಟಿ ನೇರ ಬ್ಯಾಟರಿಗೆ ಸುತ್ತಿಟ್ಟ ಅಲಾರಂ, ಮೊಬೈಲ್ ಚಾರ್ಜರ್, ಬಣ್ಣದ ಲೈಟು ಇದ್ದರೆ ಮೊದಲು ಅವನ್ನೇ ಕಿತ್ತು ನೋಡಿ.

ಇಷ್ಟೂ ಆದ ಮೇಲೆ ಬ್ಯಾಟರಿಯೇ ಕೆಟ್ಟಿದೆ ಅಂತಾದರೆ ಹೊಸದು ತನ್ನಿ. ಅಂಗಡಿಯಲ್ಲೇ ಆಸಿಡ್ ತುಂಬಿ ಕೊಡುವಂಥದ್ದಾದರೆ ಮೊದಲ ಚಾರ್ಜ್ ಆಗುವ ತನಕ ಕಾಯಿರಿ. ವಾರಂಟಿ ಕಾರ್ಡಿನಲ್ಲಿ ತಾರೀಕು, ಸೀಲು ಬಿದ್ದಿದೆಯಾ ನೋಡಿ. ಹಳೆಯದನ್ನು ಅಲ್ಲೇ ಕೊಟ್ಟರೆ ಬಿಲ್‌ನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ.