ಬಾಟಲಿ ಖಾಲಿಯಾಗಿ ಮನೆಗೆ ಬರಲಿ

ಹಿರಿಯೂರಿನಿಂದ ನಮ್ಮ ಶಾಲೆಗೆ ಬಸ್ಸಲ್ಲಿ ಒಂದು ಗಂಟೆ. ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಐದೂವರೆಗೆ. ಟೀಚರಾದ ಮೊದಲ ಆರು ವರ್ಷ ಅಷ್ಟೂ ಹೊತ್ತು ನಾನು ಒಂದಕ್ಕೆ ಹೋಗುತ್ತಿರಲಿಲ್ಲ. ಶಾಲೆಯ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಹೋಗೋದೇ ಬೇಡ ಅಂತ ನೀರನ್ನೂ ಕುಡಿಯುತ್ತಿರಲಿಲ್ಲ. ತುಂಬಿಸಿಕೊಂಡು ಹೋದ ಬಾಟಲಿ ಹಾಗೇ ಮನೆಗೆ ಬರುತ್ತಿತ್ತು.

ಆಮೇಲೆ ಐದು ತಿಂಗಳಲ್ಲಿ ಮೂರು ಸಲ ಉರಿಮೂತ್ರ. ಮೂರನೇ ಸಲ ಚಳಿಜ್ವರ ಬಂತು, ಸೊಂಟದ ಮೇಲೆ ಒಂದು ಪಕ್ಕ ವಿಪರೀತ ನೋವು. ಸೋಂಕು ಕಿಡ್ನಿಗೆ ಹತ್ತಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದೆ.

ನಮ್ಮ ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರದು ಸುಮಾರು 20. ಮಲದ್ವಾರವೂ ಹತ್ತಿರ. ಹಾಗಾಗಿ ಕರುಳಿನ ಬ್ಯಾಕ್ಟೀರಿಯಾ ನಮ್ಮ ಮೂತ್ರಚೀಲಕ್ಕೆ ಬೇಗ ತಲುಪುತ್ತದೆ. ಒಂದಕ್ಕೆ ಹೋದಾಗಲೆಲ್ಲ ಅದು ತೊಳೆದುಹೋಗುತ್ತದೆ. ತಡೆದುಕೊಂಡರೆ ಒಳಗೇ ಬೆಳೆಯುತ್ತದೆ.

ಈಗ ನಾನು ಮಾಡುವುದು ಇಷ್ಟು. ಎದ್ದಕೂಡಲೇ ಒಂದು ದೊಡ್ಡ ಲೋಟ ನೀರು. ಒಂದು ಲೀಟರ್ ಬಾಟಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ, ಸಂಜೆಗೆ ಪೂರ್ತಿ ಖಾಲಿಯಾಗಬೇಕು. ಊಟಕ್ಕೆ ಮಜ್ಜಿಗೆ ಇದ್ದೇ ಇರುತ್ತದೆ. ಸಾಕಾಯ್ತಾ ಅಂತ ಬಣ್ಣ ನೋಡಿ ತಿಳಿಯುತ್ತೇನೆ: ನಿಂಬೆ ಪಾನಕದಷ್ಟು ತೆಳುವಾಗಿದ್ದರೆ ಸರಿ, ಕಡು ಹಳದಿಯಾದರೆ ಇನ್ನೊಂದು ಲೋಟ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಮಾತ್ರ ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಿ.

ಮೂರು ಗಂಟೆಗೊಮ್ಮೆ ಹೋಗಿ ಬರುತ್ತೇನೆ. ಕಮೋಡಿನ ಮೇಲೆ ಅರ್ಧ ಎದ್ದು ನಿಂತು ಅವಸರದಲ್ಲಿ ಮುಗಿಸಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗುವುದಿಲ್ಲ. ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಗಂಡ ಹೆಂಡತಿ ಸೇರಿದ ಮೇಲೂ ಒಮ್ಮೆ ಒಂದಕ್ಕೆ ಹೋಗಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬಿಚ್ಚಿ ಹೇಳುತ್ತಿದ್ದೇನೆ. ಒಳಉಡುಪು ಹತ್ತಿಯದಿರಲಿ. ಸೀರೆ ಕೆಳಗೆ ಬಚ್ಚಿಟ್ಟು ಒಣಗಿಸುತ್ತೇವಲ್ಲ, ಅದು ಬೇಡ. ಬಿಸಿಲಿಗೆ ಹಾಕಿ.

ಉರಿ ಶುರುವಾದರೆ ಬಾರ್ಲಿ ನೀರು, ಎಳನೀರು ಕುಡಿಯಿರಿ, ತಪ್ಪಿಲ್ಲ. ಆದರೆ ಸೋಂಕು ಅದರಿಂದ ಹೋಗುವುದಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ. ಮೊದಲು ಸ್ವಲ್ಪ ಬಿಟ್ಟು ಆಮೇಲಿನದನ್ನು ಡಬ್ಬಿಗೆ ಹಿಡಿಯಬೇಕು. ಎರಡು ದಿನಕ್ಕೆ ಹಾಯೆನಿಸಿತು ಅಂತ ನಾನು ಡಾಕ್ಟರ್ ಕೊಟ್ಟ ಮಾತ್ರೆ ಮಧ್ಯದಲ್ಲೇ ನಿಲ್ಲಿಸಿದ್ದೆ, ನೀವು ಹಾಗೆ ಮಾಡಬೇಡಿ. ಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಬಸುರಿಯಾಗಿದ್ದರೆ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಆಸ್ಪತ್ರೆಯಿಂದ ಬಂದ ವಾರವೇ ನಾವು ಮೂವರು ಟೀಚರುಗಳು ದುಡ್ಡು ಹಾಕಿ ಚಿಲಕ ತಂದು ಹಾಕಿಸಿದೆವು. ಮರುದಿನ ಬೆಲ್ ಹೊಡೆದಾಗ ಶೌಚಾಲಯದ ಮುಂದೆ ಏಳನೇ ಕ್ಲಾಸಿನ ಹುಡುಗಿಯರು ಸಾಲಾಗಿ ನಿಂತಿದ್ದರು. ಅವರೂ ಅಷ್ಟು ದಿನ ತಡೆದುಕೊಂಡೇ ಕೂತಿದ್ದರು.