ಜರ್ಮನಿಯ ಬಾಲ್ಟಿಕ್ ಸಮುದ್ರದ ಬೀಚಿಗೆ ಹೊರಡುವ ಮುನ್ನ

ಜೂನ್ ಬಂತೆಂದರೆ ಮಲ್ಪೆ, ಗೋಕರ್ಣದಲ್ಲಿ ನೀರಿಗೆ ಇಳಿಯಬೇಡಿ ಎಂದು ತಡೆಯುತ್ತಾರೆ. ಜರ್ಮನಿಯಲ್ಲಿ ಅದೇ ಜೂನ್‌ಗೆ ಬೀಚಿನ ಸೀಸನ್ ಶುರು. ಸೆಪ್ಟೆಂಬರ್ ಮಧ್ಯಕ್ಕೆ ಮುಗಿದೇ ಹೋಗುತ್ತದೆ. ನಡುವೆ ಗಾಳಿ, ಮಳೆಯ ದಿನಗಳನ್ನು ಕಳೆದರೆ ಉಳಿಯುವುದು ಸ್ವಲ್ಪವೇ. ಅದಕ್ಕೇ ಬಿಸಿಲು ಬಿದ್ದ ಶನಿವಾರ ಬರ್ಲಿನ್, ಹ್ಯಾಂಬರ್ಗ್‌ನ ರೈಲುಗಳೆಲ್ಲ ತುಂಬಿ ತುಳುಕುತ್ತವೆ.

ಹೊಸದಾಗಿ ಹೋದ ನಮ್ಮವರು ತಬ್ಬಿಬ್ಬಾಗುವುದು ಅಲ್ಲಿನ ವ್ಯವಸ್ಥೆ ನೋಡಿ. ಅಲ್ಲಿ ಬೀಚನ್ನು ಆಯಾ ಊರಿನ ಆಡಳಿತ ತುಂಡು ತುಂಡಾಗಿ ಹಂಚಿಟ್ಟಿರುತ್ತದೆ. ನಾಯಿಗಳಿಗೆ ಒಂದು ತುಂಡು, ಬಟ್ಟೆ ಇಲ್ಲದೆ ಈಜುವವರಿಗೆ ಒಂದು, ಸರ್ಫಿಂಗ್‌ನವರಿಗೆ ಒಂದು, ಕಾವಲು ಇರುವ ಈಜಿಗೆ ಒಂದು. ಮರಳಿಗೆ ಇಳಿಯುವ ದಾರಿಯಲ್ಲಿ ಇದನ್ನೆಲ್ಲ ಬರೆದ ಬೋರ್ಡ್ ಇರುತ್ತದೆ. ಹೆಚ್ಚಿನ ಕಡೆ ಆ ದಾರಿಗೆ ಒಂದು ನಂಬರ್ ಕೂಡ ಇರುತ್ತದೆ. ಬೋರ್ಡ್ ಓದಿ, ನಂಬರಿನ ಫೋಟೋ ತೆಗೆದುಕೊಳ್ಳಿ. ಏನಾದರೂ ಆಗಿ 112ಕ್ಕೆ ಫೋನ್ ಮಾಡಿದರೆ ಅವರು ಮೊದಲು ಕೇಳುವುದು ನೀವು ಎಲ್ಲಿದ್ದೀರಿ ಅಂತ. ಕಿಲೋಮೀಟರುಗಟ್ಟಲೆ ಮರಳಿನಲ್ಲಿ ನಿಂತು ಅದನ್ನು ವಿವರಿಸುವುದು ಸುಲಭವಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ವಾರ್ನೆಮ್ಯುಂಡೆ. ಬರ್ಲಿನ್‌ನಿಂದ ರೊಸ್ಟಾಕ್‌ಗೆ ರೀಜನಲ್ ರೈಲು, ಅಲ್ಲಿಂದ ಎಸ್-ಬಾನ್ ಎಂಬ ಲೋಕಲ್ ರೈಲಿನಲ್ಲಿ 20 ನಿಮಿಷದ ದಾರಿ. ಸ್ಟೇಷನ್‌ನಿಂದ ನಡೆದೇ ಬೀಚ್ ಸೇರಬಹುದು. ಹ್ಯಾಂಬರ್ಗ್‌ನವರಿಗೆ ಟ್ರಾವೆಮ್ಯುಂಡೆ ಹತ್ತಿರ. ಲ್ಯೂಬೆಕ್‌ನಲ್ಲಿ ರೈಲು ಬದಲಿಸಿ ಟ್ರಾವೆಮ್ಯುಂಡೆ ಸ್ಟ್ರಾಂಡ್ ಎಂಬ ಕೊನೆಯ ಸ್ಟೇಷನ್‌ನಲ್ಲಿ ಇಳಿದರೆ ಆಯಿತು. ಡೊಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದರೆ ಎರಡೂ ಕಡೆ ಬೇರೆ ಟಿಕೆಟ್ ಬೇಡ, ಐಸಿಇ ಎಂಬ ವೇಗದ ರೈಲು ಹತ್ತಬಾರದು ಅಷ್ಟೇ. ಜ್ಯುಲ್ಟ್ ದ್ವೀಪದ ಹೆಸರು ಎಲ್ಲರೂ ಹೇಳುತ್ತಾರೆ. ಚೆನ್ನಾಗೇನೋ ಇದೆ, ಆದರೆ ಮಕ್ಕಳು ಮರಿ ಕಟ್ಟಿಕೊಂಡು ಹೋಗುವವರ ಜೇಬಿಗೆ ಭಾರ.

ಮೊದಲ ಅಚ್ಚರಿ ದುಡ್ಡಿನದು. ಕಡಲು ನೋಡಲೂ ದುಡ್ಡಾ ಎಂದು ಕೇಳಬೇಡಿ. ಕುರ್‌ಟಾಕ್ಸೆ ಎಂಬ ಶುಲ್ಕ ಇದೆ, ಕೆಲವು ಕಡೆ ಕುರ್‌ಆಬ್‌ಗಾಬೆ ಎನ್ನುತ್ತಾರೆ. ಸೀಸನ್‌ನಲ್ಲಿ ದೊಡ್ಡವರಿಗೆ ದಿನಕ್ಕೆ ಸಾಮಾನ್ಯವಾಗಿ 2ರಿಂದ 4 ಯೂರೋ. ಮಕ್ಕಳಿಗೆ ಹೆಚ್ಚಿನ ಕಡೆ ಇಲ್ಲ, ಎಷ್ಟು ವಯಸ್ಸಿನವರೆಗೆ ಅನ್ನುವುದು ಊರಿಗೊಂದು ರೀತಿ. ರಾತ್ರಿ ಉಳಿದರೆ ಹೋಟೆಲಿನವರೇ ಬಿಲ್ಲಿಗೆ ಸೇರಿಸಿ ಒಂದು ಕಾರ್ಡ್ ಕೊಡುತ್ತಾರೆ. ಆ ಕಾರ್ಡನ್ನು ಸೂಟ್‌ಕೇಸಿನಲ್ಲಿ ಬಿಟ್ಟು ಹೋಗಬೇಡಿ. ಕೆಲವು ಊರುಗಳಲ್ಲಿ ಅದನ್ನು ತೋರಿಸಿದರೆ ಬಸ್ ಪುಕ್ಕಟೆ. ಬೆಳಗ್ಗೆ ಹೋಗಿ ಸಂಜೆ ಬರುವವರೂ ಹಲವು ಕಡೆ ಕಟ್ಟಬೇಕು. ಅದಕ್ಕೆ ಬೀಚಿನ ದಾರಿಯಲ್ಲಿ ಮೆಷಿನ್ ಅಥವಾ ಆ್ಯಪ್ ಇರುತ್ತದೆ. ಯಾರೂ ಕೇಳಲ್ಲ ಬಿಡು ಅಂದುಕೊಂಡು ಕೂತರೆ ಮಧ್ಯಾಹ್ನ ತಪಾಸಣೆಯವರು ಬಂದು ಜಾಸ್ತಿ ವಸೂಲಿ ಮಾಡಬಹುದು.

ಈ ಶುಲ್ಕದ ಮೇಲೆ ಜರ್ಮನ್ನರಿಗೇ ಸಿಟ್ಟಿದೆ. ಉತ್ತರ ಸಮುದ್ರದ ವಾಂಗರ್‌ಲಾಂಟ್‌ನಲ್ಲಿ ಹೆಚ್ಚುಕಡಿಮೆ ಇಡೀ ಬೀಚಿಗೆ ಬೇಲಿ ಹಾಕಿ ಟಿಕೆಟ್ ಇಟ್ಟಿದ್ದರು. ಇದು ಸುಪ್ರೀಂ ಮಟ್ಟದ ಆಡಳಿತ ನ್ಯಾಯಾಲಯದವರೆಗೂ ಹೋಯಿತು. ಸ್ನಾನದ ಸೌಕರ್ಯ ಏನೂ ಮಾಡದ ಕಡೆ ನಡೆದು ಹೋಗುವವರಿಂದ ದುಡ್ಡು ಕೇಳುವ ಹಾಗಿಲ್ಲ ಎಂದು 2017ರಲ್ಲಿ ತೀರ್ಪು ಬಂತು. ಅಂದರೆ ನೀವು ಕೊಡುವುದು ಟಾಯ್ಲೆಟ್, ಕಸ ತೆಗೆಯುವುದು, ಜೀವರಕ್ಷಕರು ಇಂಥದ್ದಕ್ಕೆ. ನನಗಂತೂ ಕೊಡಲು ಬೇಸರವಿಲ್ಲ.

ಇನ್ನೊಂದು ಖರ್ಚು ಸ್ಟ್ರಾಂಡ್‌ಕೋರ್ಬ್. ಇಬ್ಬರು ಕೂರುವ, ಮೇಲೆ ಚಾವಣಿ ಇರುವ ದೊಡ್ಡ ಬೆತ್ತದ ಕುರ್ಚಿ. ರೊಸ್ಟಾಕ್‌ನ ಬುಟ್ಟಿ ಹೆಣೆಯುವ ವಿಲ್ಹೆಲ್ಮ್ ಬಾರ್ಟೆಲ್‌ಮಾನ್ ಇದನ್ನು 1882ರಲ್ಲಿ ಸಂಧಿವಾತ ಇದ್ದ ಒಬ್ಬ ಹೆಂಗಸಿಗಾಗಿ ಮಾಡಿದ. ಮರುವರ್ಷ ಅವನ ಹೆಂಡತಿ ವಾರ್ನೆಮ್ಯುಂಡೆಯಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿದಳು. ದಿನದ ಬಾಡಿಗೆ ಕೇಳಿದಾಗ ಒಂದು ಟವೆಲ್ ಹಾಸಿಕೊಂಡರೆ ಸಾಲದಾ ಅನಿಸುತ್ತದೆ. ಸಾಲದು. ಬಿಸಿಲು 24 ಡಿಗ್ರಿ ಇದ್ದರೂ ಕಡಲ ಗಾಳಿಗೆ ಒದ್ದೆ ಮೈ ನಡುಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಯೋಚನೆಯೇ ಬೇಡ, ತೆಗೆದುಕೊಳ್ಳಿ. ಗಾಳಿಗೆ ಬೆನ್ನು ಮಾಡಿ ಕೂತರೆ ಅವರು ಸಂಜೆವರೆಗೂ ಆರಾಮ. ಆಗಸ್ಟ್ ಆದರೆ ಮುಂಚೆಯೇ ಆನ್‌ಲೈನ್ ಬುಕ್ ಮಾಡಿ. ಬೇರೆಯವರ ಕುರ್ಚಿ ಖಾಲಿ ಕಂಡಿತೆಂದು ಕೂರಬೇಡಿ, ಪ್ರತಿಯೊಂದಕ್ಕೂ ನಂಬರ್ ಮತ್ತು ಬೀಗ ಇದೆ.

ಈಗ ನೀರು. ಮಂಗಳೂರಿನ ಕಡಲು 28 ಡಿಗ್ರಿ ಆಸುಪಾಸು. ಬಾಲ್ಟಿಕ್ ಜೂನ್‌ನಲ್ಲಿ 15ರ ಹತ್ತಿರ, ಜುಲೈ-ಆಗಸ್ಟ್‌ನಲ್ಲಿ 17ರಿಂದ 20. ಅದೂ ನಂಬುವ ಹಾಗಿಲ್ಲ. ಗಾಳಿ ನೆಲದ ಕಡೆಯಿಂದ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಆಚೆ ಸರಿದು ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ನಿನ್ನೆ ಈಜಿದ ಜಾಗದಲ್ಲಿ ಇವತ್ತು ಕಾಲಿಡಲು ಆಗುವುದಿಲ್ಲ. ಹಾರಿ ಬೀಳಬೇಡಿ. ತಣ್ಣೀರು ಒಮ್ಮೆಲೇ ತಾಗಿದರೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ಬಾಯಿಗೆ ನೀರು ಹೋದರೆ ಅಪಾಯ. ಕೈ, ಮುಖ, ಎದೆ ಒದ್ದೆ ಮಾಡಿಕೊಂಡು ನಿಧಾನ ಇಳಿಯಿರಿ. ಮಕ್ಕಳ ತುಟಿ ನೀಲಿಯಾಗುವ ಮೊದಲೇ ಹೊರಗೆ ಕರೆಯಿರಿ, ಅವರಾಗಿ ಬರುವುದಿಲ್ಲ. ನಮ್ಮಲ್ಲಿ ಚೂಡಿದಾರ್, ಟೀ ಶರ್ಟ್‌ನಲ್ಲೇ ನೀರಿಗಿಳಿಯುವ ಅಭ್ಯಾಸ. ಇಲ್ಲಿ ಒದ್ದೆ ಹತ್ತಿ ಬಟ್ಟೆ ಮೈ ಶಾಖವನ್ನೆಲ್ಲ ಹೀರುತ್ತದೆ. ಮೈ ಮುಚ್ಚುವ ಈಜುಡುಗೆ ಸಿಗುತ್ತದೆ, ಅದನ್ನು ತನ್ನಿ. ಇನ್ನೊಂದು, ಇಲ್ಲಿ ನೀರಿನ ಉಪ್ಪು ನಮ್ಮ ಅರಬ್ಬಿ ಸಮುದ್ರದ ಅರ್ಧವೂ ಇಲ್ಲ. ಹಾಗಾಗಿ ಮೈ ಅಷ್ಟು ತೇಲುವುದಿಲ್ಲ.

ಕಾವಲಿಗೆ ಇರುವವರು ಡಿಎಲ್‌ಆರ್‌ಜಿ ಎಂಬ ಜೀವರಕ್ಷಕರ ಸಂಘದವರು ಅಥವಾ ರೆಡ್‌ಕ್ರಾಸ್‌ನ ವಾಸರ್‌ವಾಖ್ಟ್. ಹೆಚ್ಚಿನವರು ಸ್ವಯಂಸೇವಕರು, ಎಷ್ಟೋ ಜನ ಕಾಲೇಜು ಹುಡುಗ ಹುಡುಗಿಯರು. 1912ರಲ್ಲಿ ರ‍್ಯೂಗನ್ ದ್ವೀಪದ ಬಿನ್ಸ್‌ನಲ್ಲಿ ಕಡಲ ಸೇತುವೆ ಕುಸಿದು ಹಲವರು ಮುಳುಗಿ ಸತ್ತರು. ಆಗ ಈಜು ಬಲ್ಲವರೇ ಕಡಿಮೆ. ಮರುವರ್ಷ ಡಿಎಲ್‌ಆರ್‌ಜಿ ಹುಟ್ಟಿತು. ಅವರ ಬಾವುಟ ಹೀಗೆ ಓದಿ: ಕೆಂಪು-ಹಳದಿ ಹಾರುತ್ತಿದ್ದರೆ ಕಾವಲು ಇದೆ. ಜೊತೆಗೆ ಹಳದಿ ಬಂದರೆ ಮಕ್ಕಳು, ಈಜು ಸರಿಯಾಗಿ ಬಾರದವರು ಇಳಿಯಬಾರದು. ಕೆಂಪು ಅಂದರೆ ಯಾರೂ ಇಳಿಯುವಂತಿಲ್ಲ. ಯಾವ ಬಾವುಟವೂ ಇಲ್ಲದಿದ್ದರೆ ಕಾವಲೂ ಇಲ್ಲ ಎಂದೇ ಅರ್ಥ. ಮಗುವಿಗೆ ಈಜು ಕಲಿಕೆಯ ಮೊದಲ ಬ್ಯಾಡ್ಜ್ ಆದ ಜೇಪ್ಫೆರ್ಡ್‌ಶೆನ್ ಸಿಕ್ಕಿದೆ ಎಂದು ನಂಬಿ ಕೂರಬೇಡಿ. ಬ್ರಾಂಜ್ ಬ್ಯಾಡ್ಜ್ ಬಂದ ಮೇಲೆಯೇ ಈಜು ಬರುತ್ತದೆ ಎಂದು ಡಿಎಲ್‌ಆರ್‌ಜಿಯವರೇ ಒಪ್ಪುವುದು.

ಎಫ್‌ಕೆಕೆ ಎಂದು ಬರೆದ ಬೋರ್ಡ್ ಕಂಡರೆ ಆಚೆ ಬಟ್ಟೆ ಇಲ್ಲದ ಜನ ಇರುತ್ತಾರೆ. ಅಜ್ಜ ಅಜ್ಜಿ, ಇಡೀ ಕುಟುಂಬ ಎಲ್ಲರೂ. ಹಿಂದಿನ ಪೂರ್ವ ಜರ್ಮನಿಯ ಕಡೆ ಇದು ಬಹಳ ಮಾಮೂಲು. ನಡೆದು ಹೋಗುವುದಕ್ಕೆ ಅಡ್ಡಿಯಿಲ್ಲ, ದಿಟ್ಟಿಸುವುದು ತಪ್ಪು, ಫೋನ್ ಎತ್ತುವುದು ಇನ್ನೂ ದೊಡ್ಡ ತಪ್ಪು. ಮಾವ-ಅತ್ತೆ ಜೊತೆಗಿದ್ದರೆ ಮೊದಲೇ ಒಂದು ಮಾತು ಹೇಳಿಟ್ಟಿರಿ, ಮುಜುಗರ ಕಡಿಮೆ. ಬಟ್ಟೆ ತೊಟ್ಟವರ ಭಾಗದಲ್ಲೂ ಚಿಕ್ಕ ಮಕ್ಕಳು ಬರಿಮೈಯಲ್ಲಿ ಆಡುತ್ತಿರುತ್ತವೆ. ನಿಮ್ಮ ಫೋಟೋದಲ್ಲಿ ಅವು ಬರದಂತೆ ನೋಡಿಕೊಳ್ಳಿ.

ಮರಳ ದಿಬ್ಬ ಹತ್ತಬೇಡಿ. ಅಲ್ಲಿನ ಹುಲ್ಲಿನ ಬೇರೇ ದಡವನ್ನು ಹಿಡಿದಿಟ್ಟಿರುವುದು, ತುಳಿದರೆ ದಂಡ. ಬೆಂಕಿ, ಟೆಂಟ್‌ಗೆ ಹೆಚ್ಚಿನ ಕಡೆ ಅನುಮತಿ ಇಲ್ಲ. ಸೀಗಲ್ ಹಕ್ಕಿಗೆ ತಿಂಡಿ ಹಾಕುವುದಕ್ಕೂ ಹಲವು ಊರುಗಳಲ್ಲಿ ದಂಡ ಇದೆ, ಆದರೆ ಅವು ನಿಮ್ಮ ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ ಅನ್ನುವುದು ಬೇರೆ ಮಾತು.

ಅಪರೂಪದ ಅಪಾಯ ಎರಡು. ನೀರು 20 ಡಿಗ್ರಿ ದಾಟಿದ ಬೇಸಿಗೆಯಲ್ಲಿ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಗಾಯ ಇದ್ದವರು, ಅದರಲ್ಲೂ ವಯಸ್ಸಾದವರು, ಲಿವರ್ ತೊಂದರೆ ಇರುವವರು, ಆಗ ಇಳಿಯದಿರುವುದೇ ಒಳ್ಳೆಯದು. ಇನ್ನೊಂದು ಊಜೆಡೊಮ್ ದ್ವೀಪದ್ದು. ಅಲ್ಲಿ ಜನ ದಡದಲ್ಲಿ ಆಂಬರ್ ಹುಡುಕುತ್ತಾರೆ. ಎರಡನೇ ಮಹಾಯುದ್ಧದ ಬಾಂಬುಗಳಿಂದ ಬಂದ ಬಿಳಿ ರಂಜಕದ ಚೂರು ನೋಡಲು ಥೇಟ್ ಆಂಬರ್. ಒದ್ದೆ ಇರುವವರೆಗೆ ಸುಮ್ನೆ ಇರುತ್ತದೆ, ಜೇಬಿನಲ್ಲಿ ಒಣಗಿದೊಡನೆ ಹೊತ್ತಿಕೊಳ್ಳುತ್ತದೆ. ಮಕ್ಕಳು ಹಳದಿ ಕಲ್ಲು ತಂದರೆ ತಗಡಿನ ಡಬ್ಬಿಯಲ್ಲಿ ಹಾಕಿಡಿ.

ಊಟಕ್ಕೆ ಸಸ್ಯಾಹಾರಿಗಳಿಗೆ ಸಿಗುವುದು ಫ್ರೆಂಚ್ ಫ್ರೈಸ್, ಐಸ್‌ಕ್ರೀಂ. ಉಳಿದದ್ದೆಲ್ಲ ಮೀನಿನ ಬ್ರೆಡ್. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ, ಯಾರೂ ಏನೂ ಅನ್ನುವುದಿಲ್ಲ. ಮರೆತರೂ ಗಾಬರಿ ಬೇಡ. ಭಾನುವಾರ ದೇಶವೆಲ್ಲ ಅಂಗಡಿ ಮುಚ್ಚಿದ್ದರೂ ಬೀಚಿನ ಊರುಗಳಿಗೆ ಸೀಸನ್‌ನಲ್ಲಿ ವಿನಾಯಿತಿ ಇದೆ, ಹಲವು ಸೂಪರ್‌ಮಾರ್ಕೆಟ್ ಮಧ್ಯಾಹ್ನ ತೆರೆದಿರುತ್ತವೆ. ಟಾಯ್ಲೆಟ್‌ಗೆ ಚಿಲ್ಲರೆ ಇಟ್ಟುಕೊಳ್ಳಿ. ಸಂಜೆ ಐದಾರು ಗಂಟೆಯ ರೈಲಿಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಮಗುವಿನ ತಳ್ಳುಗಾಡಿ ಇದ್ದರೆ ಹತ್ತುವುದೇ ಕಷ್ಟ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9:30 ದಾಟಿದ ಮೇಲೆ. ಎಂಟರ ನಂತರದ ರೈಲು ನೋಡಿಕೊಳ್ಳಿ, ಕೂರಲು ಜಾಗ ಸಿಗುತ್ತದೆ.